ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಬೈಕು

1987ರಲ್ಲಿ ಬಂದ ‘ದಿ ಲಾಸ್ಟ್ ಬಾಯ್ಸ್’ ಅನ್ನೋ ಇಂಗ್ಲಿಷ್ ಸಿನಿಮಾದಲ್ಲಿ ಒಬ್ಬ ಅಮ್ಮ ಇದ್ದಾಳೆ. ಅವಳ ದೊಡ್ಡ ಮಗ ಮಧ್ಯಾಹ್ನವಾದರೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಎದ್ದರೂ ಮನೆಯೊಳಗೇ ಕಪ್ಪು ಕನ್ನಡಕ. ಊಟ ಬೇಡ. ಮಾತಾಡಿಸಿದರೆ ಸಿಡುಕು. ಕತ್ತಲಾಗುತ್ತಿದ್ದಂತೆ ಬೈಕ್ ಹತ್ತಿ ಹೋದರೆ ಯಾವಾಗ ಬಂದ ಅನ್ನುವುದೇ ಗೊತ್ತಾಗುವುದಿಲ್ಲ. ಯಾವುದೋ ಹುಡುಗಿ ವಿಷಯ ಇರಬೇಕು ಅಂತ ಅಮ್ಮ ಅಂದುಕೊಳ್ಳುತ್ತಾಳೆ. ಅಸಲಿ ವಿಷಯ ತಮ್ಮನಿಗೆ ಮಾತ್ರ ಗೊತ್ತು: ಅಣ್ಣ ರಕ್ತಪಿಶಾಚಿ ಆಗುತ್ತಿದ್ದಾನೆ.

ದಾವಣಗೆರೆಯಲ್ಲಿ ಮಹಡಿ ಮೇಲಿನ ರೂಮು ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟವರಿಗೆ ಈ ಲಕ್ಷಣಗಳಲ್ಲಿ ಒಂದೂ ಹೊಸದಲ್ಲ. ನಾವೂ ಕೊಟ್ಟಿದ್ದೇವೆ. ಇಂಜಿನಿಯರಿಂಗ್, ಮೆಡಿಕಲ್, ಡೆಂಟಲ್ ಅಂತ ಎಲ್ಲೆಲ್ಲಿಂದಲೋ ಹುಡುಗರು ಬಂದು ಸೇರುವ ಊರು ಇದು. ಬಂದ ಹೊಸದರಲ್ಲಿ ಎಲ್ಲರೂ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿಯೋ ಕುಂಕುಮವೋ ಇಟ್ಟುಕೊಂಡು, ‘ಆಂಟಿ, ಹೋಗ್ಬರ್ತೀನಿ’ ಅಂತ ಹೇಳಿ ಹೋಗುತ್ತಾರೆ. ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಕಿಟಕಿಗೆ ಬೆಡ್‌ಶೀಟು ಬೀಳುತ್ತದೆ. ಹಗಲು ಹೊತ್ತು ಮೇಲಿನಿಂದ ಸದ್ದೇ ಇಲ್ಲ. ನಡುರಾತ್ರಿ ಮ್ಯಾಗಿ ವಾಸನೆ. ಗೇಟಿನ ಮುಂದೆ ಮೂರ್ನಾಲ್ಕು ಬೈಕು ಬಂದು ನಿಲ್ಲುತ್ತವೆ, ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಸುಮ್ನೆ ಆಕ್ಸಿಲರೇಟರ್ ತಿರುಗಿಸುತ್ತಾರೆ, ಮೇಲಿನ ಹುಡುಗ ಮೆಟ್ಟಿಲಲ್ಲಿ ಚಪ್ಪಲಿ ಸದ್ದು ಮಾಡದೆ ಇಳಿದು ಹೋಗುತ್ತಾನೆ. ಸಿನಿಮಾದಲ್ಲೂ ಇಂಥದ್ದೇ ಒಂದು ದೃಶ್ಯ ಇದೆ. ರಾತ್ರಿ ಮನೆಯ ಹೊರಗೆ ಬೈಕುಗಳ ಗುಡುಗು, ಹೆಡ್‌ಲೈಟಿನ ಬೆಳಕು ಕಿಟಕಿಯಿಂದ ಒಳಗೆ ಹರಿದಾಡುತ್ತದೆ. ಬಾಗಿಲು ತೆಗೆದು ನೋಡಿದರೆ ಯಾರೂ ಇಲ್ಲ. ಅದನ್ನು ನೋಡುವಾಗ ನನಗೆ ಭಯ ಆಗಲಿಲ್ಲ, ಸಿಟ್ಟು ಬಂತು. ಮನೆ ಮಾಲೀಕರ ಸಿಟ್ಟು.

ಕಥೆ ತುಂಬಾ ಸರಳ. ಗಂಡನಿಂದ ಈಗಷ್ಟೇ ಬೇರೆಯಾದ ಲೂಸಿ, ಇಬ್ಬರು ಗಂಡು ಮಕ್ಕಳನ್ನು ಕರೆದುಕೊಂಡು ಅರಿಜೋನಾದ ಫೀನಿಕ್ಸ್‌ನಿಂದ ಕ್ಯಾಲಿಫೋರ್ನಿಯಾದ ಕಡಲತೀರದ ಊರಿಗೆ, ಅಂದರೆ ತನ್ನ ಅಪ್ಪನ ಮನೆಗೆ ಬರುತ್ತಾಳೆ. ಫೀನಿಕ್ಸ್ ಮರುಭೂಮಿಯ ಊರು. ನಮ್ಮ ಚಿತ್ರದುರ್ಗದ ಕಡೆಯವರು ಕಾರವಾರಕ್ಕೋ ಗೋಕರ್ಣಕ್ಕೋ ಹೋಗಿ ಮೊದಲ ಸಲ ಸಮುದ್ರ ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತೇವಲ್ಲ, ಆ ಹುಡುಗರದೂ ಅದೇ ಪಾಡು. ಕಡಲ ಪಕ್ಕ ರಾಟೆ, ಕುದುರೆ ಬೊಂಬೆಗಳ ಗಿರಿಗಿಟ್ಲೆ, ಬಣ್ಣದ ದೀಪ, ಹಾಡು, ರಾತ್ರಿಯೆಲ್ಲ ಜಾತ್ರೆ. ಆದರೆ ಊರಿನ ಗೋಡೆ ಗೋಡೆಗೂ ಕಾಣೆಯಾದವರ ಫೋಟೊ ಅಂಟಿಸಿದ್ದಾರೆ. ಯಾರೂ ನಿಂತು ನೋಡುವುದಿಲ್ಲ. ದೊಡ್ಡ ಮಗ ಮೈಕೆಲ್, ಒಬ್ಬ ಹುಡುಗಿಯ ಹಿಂದೆ ಹೋಗಿ ರಕ್ತಪಿಶಾಚಿಗಳ ಬೈಕ್ ಗ್ಯಾಂಗಿಗೆ ಸಿಕ್ಕಿಕೊಳ್ಳುತ್ತಾನೆ. ಚಿಕ್ಕವನು ಸ್ಯಾಮ್, ಕಾಮಿಕ್ಸ್ ಅಂಗಡಿಯ ಇಬ್ಬರು ಅಣ್ಣತಮ್ಮಂದಿರ ಜೊತೆ ಸೇರುತ್ತಾನೆ. ಆ ಇಬ್ಬರ ಹೆಸರು ಎಡ್ಗರ್ ಮತ್ತು ಆಲನ್. ಎರಡನ್ನೂ ಜೋಡಿಸಿದರೆ ಹಳೆಯ ಅಮೆರಿಕನ್ ಭಯಾನಕ ಕಥೆಗಾರ ಎಡ್ಗರ್ ಆಲನ್ ಪೋ ನೆನಪಾಗಲಿ ಅಂತ ಇಟ್ಟಿದ್ದಾರೆ. ಮೀಸೆ ಮೂಡದ ಈ ಮಕ್ಕಳು ಮಿಲಿಟರಿಯವರ ಹಾಗೆ ಗಂಟಲು ಗಡಸು ಮಾಡಿಕೊಂಡು ಮಾತಾಡುವುದನ್ನು ನೋಡಬೇಕು. ಪಿಶಾಚಿ ಕಂಡ ಕೂಡಲೇ ಇವರೂ ಎಲ್ಲರ ಹಾಗೇ ಕಿರುಚಿ ಓಡುತ್ತಾರೆ.

ನಾನು ನೋಡುತ್ತಿದ್ದಾಗ ನಮ್ಮತ್ತೆ ಅಕ್ಕಿ ಆರಿಸುತ್ತಾ ಪಕ್ಕದಲ್ಲಿದ್ದರು. ಇಂಗ್ಲಿಷ್ ಬರುವುದಿಲ್ಲ, ಅದರಿಂದ ಅವರಿಗೆ ಏನೂ ತೊಂದರೆಯಾಗುವುದಿಲ್ಲ. ಅರ್ಧ ಗಂಟೆ ನೋಡಿ ಕೇಳಿದರು: ‘ಅಲ್ಲಮ್ಮಾ, ಆ ಹುಡುಗರಿಗೆ ಅಪ್ಪ ಇಲ್ಲೇನು?’ ಇದ್ದಾನೆ, ಬೇರೆ ಊರಲ್ಲಿದ್ದಾನೆ ಅಂದೆ. ‘ಅದಕ್ಕೇ ಮತ್ತೆ, ಕಂಡಕಂಡೋರೆಲ್ಲ ಮನಿಯೊಳಗೆ ಬರಾಕತ್ತಾರೆ’ ಅಂದರು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಅಪ್ಪ ಇದ್ದ ಮನೆಗಳಿಗೂ ಕಂಡಕಂಡವರು ಬಂದಿದ್ದನ್ನು ನೋಡಿದ್ದೇನೆ. ಆದರೆ ಸಿನಿಮಾದ ಕೀಲಿ ಎಲ್ಲಿದೆ ಅನ್ನುವುದನ್ನು ಅತ್ತೆ ಸರಿಯಾಗೇ ಹಿಡಿದಿದ್ದರು. ಇದು ನೋಡುವುದಕ್ಕೆ ಕಡಲು, ಬೈಕು, ಕೂದಲು ಬಿಟ್ಟ ಹುಡುಗರ ಸಿನಿಮಾ. ಒಳಗೆ ಇರುವುದು ಒಂದು ಮನೆ, ಅದರ ಹೊಸಿಲು, ಅದರೊಳಗೆ ಯಾರನ್ನು ಯಾರು ಕರೆದರು ಅನ್ನೋದು. ನಗುವೂ ಅಲ್ಲಿಂದಲೇ ಹುಟ್ಟುತ್ತದೆ, ಭಯವೂ ಅಲ್ಲಿಂದಲೇ. ಹಾರರ್ ಕಾಮಿಡಿ ಅಂತ ಬರುವ ಎಷ್ಟೋ ಸಿನಿಮಾಗಳಲ್ಲಿ ಹತ್ತು ನಿಮಿಷ ಹೆದರಿಸಿ ಹತ್ತು ನಿಮಿಷ ನಗಿಸುತ್ತಾರೆ, ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ಬಾಡಿಗೆದಾರರ ಹಾಗೆ ಬೇರೆ ಬೇರೆ ಬಾಗಿಲಲ್ಲಿ ಓಡಾಡುತ್ತವೆ. ಇಲ್ಲಿ ಹಾಗಿಲ್ಲ.

ಒಂದು ದೃಶ್ಯವನ್ನೇ ತೆಗೆದುಕೊಳ್ಳಿ. ಲೂಸಿ ಕೆಲಸಕ್ಕೆ ಸೇರಿದ ವೀಡಿಯೊ ಅಂಗಡಿಯ ಮಾಲೀಕ ಮ್ಯಾಕ್ಸ್. ಕನ್ನಡಕ, ಇಸ್ತ್ರಿ ಮಾಡಿದ ಬಟ್ಟೆ, ಒಳ್ಳೆಯ ಮಾತು. ಲೂಸಿ ಅವನನ್ನು ರಾತ್ರಿ ಊಟಕ್ಕೆ ಕರೆದಿದ್ದಾಳೆ. ಬಾಗಿಲು ತೆಗೆಯುವುದು ಮೈಕೆಲ್. ಮ್ಯಾಕ್ಸ್ ಒಳಗೆ ಬರುವುದಿಲ್ಲ. ಈ ಮನೆಯ ಯಜಮಾನ ನೀನು ತಾನೇ, ನೀನು ಕರೆದರೆ ಮಾತ್ರ ಬರುತ್ತೇನೆ ಅಂತ ಹೊಸಿಲಾಚೆ ನಿಂತೇ ಇರುತ್ತಾನೆ. ಮೈಕೆಲ್‌ಗೆ ಹೊರಗೆ ಹೋಗುವ ಅವಸರ. ಬನ್ನಿ ಅಂತ ಅಂದು ಹೋಗಿಬಿಡುತ್ತಾನೆ. ಎಷ್ಟು ಮರ್ಯಾದಸ್ಥ ಮನುಷ್ಯ ಅಂತ ನಮಗೂ ಅನ್ನಿಸುತ್ತದೆ.

ಆಮೇಲೆ ಊಟದ ಗಲಾಟೆ. ಸ್ಯಾಮ್ ಮತ್ತು ಕಾಮಿಕ್ಸ್ ಹುಡುಗರಿಗೆ ಮ್ಯಾಕ್ಸ್ ಮೇಲೇ ಅನುಮಾನ. ಚೀಸ್ ಅಂತ ಹೇಳಿ ಅವನ ತಟ್ಟೆಗೆ ಬೆಳ್ಳುಳ್ಳಿ ತುರಿದು ಹಾಕುತ್ತಾರೆ. ಮುಖಕ್ಕೆ ಕನ್ನಡಿ ಹಿಡಿಯುತ್ತಾರೆ. ಚರ್ಚಿನ ತೀರ್ಥ ಮೈಮೇಲೆ ಚೆಲ್ಲುತ್ತಾರೆ. ದೀಪ ಆರಿಸಿ ಮೈ ಹೊಳೆಯುತ್ತದಾ ಅಂತ ನೋಡುತ್ತಾರೆ. ಅವನಿಗೆ ಏನೂ ಆಗುವುದಿಲ್ಲ. ಬೆಳ್ಳುಳ್ಳಿ ಬಾಯಿಗೆ ಹೋಗಿ ಕೆಮ್ಮುತ್ತಾನೆ, ಅಷ್ಟೇ. ಲೂಸಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನುವ ಹಾಗಾಗುತ್ತದೆ. ನಾವು ಬಿದ್ದು ಬಿದ್ದು ನಗುತ್ತೇವೆ. ಪಾಪ ಒಳ್ಳೆಯವನು, ಬಿಡಿ ಅಂದುಕೊಳ್ಳುತ್ತೇವೆ. ಕೊನೆಗೆ ಗೊತ್ತಾಗುತ್ತದೆ, ಎಲ್ಲರಿಗಿಂತ ದೊಡ್ಡ ಪಿಶಾಚಿ ಅವನೇ. ಮನೆಯವರೇ ಬಾಯಾರೆ ಕರೆದು ಒಳಗೆ ಬಿಟ್ಟುಕೊಂಡರೆ ಬೆಳ್ಳುಳ್ಳಿ, ಕನ್ನಡಿ, ತೀರ್ಥ ಯಾವುದೂ ಕೆಲಸ ಮಾಡುವುದಿಲ್ಲ. ನಮ್ಮನ್ನು ನಗಿಸುತ್ತಾ ನಗಿಸುತ್ತಾ ಅಸಲಿ ಸುಳಿವನ್ನು ಬಾಗಿಲಲ್ಲೇ ಕೊಟ್ಟು ಮುಗಿಸಿದ್ದರು. (ಕೊನೆ ಹೇಳಿಬಿಟ್ಟೆ ಅಂತ ಬೈಯಬೇಡಿ. ಬಂದು ಹತ್ತಿರ ಹತ್ತಿರ ನಲವತ್ತು ವರ್ಷ ಆಗಿರುವ ಸಿನಿಮಾ ಇದು.)

ಕರೆಯದೆ ಒಳಗೆ ಬರಲಾರದ ಪಿಶಾಚಿ ಇವರು ಹುಟ್ಟಿಸಿದ್ದಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ದಲ್ಲೇ ಈ ಕಟ್ಟುಪಾಡು ಇದೆ. ಆ ಕಾದಂಬರಿಯಲ್ಲೂ ಪಿಶಾಚಿ ಇಂಗ್ಲೆಂಡಿಗೆ ಕಾಲಿಡುವುದು ವಿಟ್ಬಿ ಎಂಬ ಕಡಲತೀರದ ಊರಿನಲ್ಲಿ, ಹಡಗಿನಲ್ಲಿ ಬಂದು. ಬಿಸಿಲು ಬಿದ್ದರೆ ಸುಟ್ಟು ಸಾಯುತ್ತದೆ ಅನ್ನುವುದು ಮಾತ್ರ ಆಮೇಲೆ ಸೇರಿದ್ದು, 1922ರ ಜರ್ಮನ್ ಮೂಕಿಚಿತ್ರ ‘ನೋಸ್ಫೆರಾಟು’ವಿನಿಂದ. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೇ.

ನಮ್ಮ ಕಡೆ ಬಾಗಿಲಿನ ಲೆಕ್ಕ ಬೇರೆ ಥರ. ನಾನು ಚಿಕ್ಕವಳಿದ್ದಾಗ, ತೊಂಬತ್ತರ ದಶಕದಲ್ಲಿ, ಊರೂರಲ್ಲೂ ಬಾಗಿಲ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಅಂತ ಬರೆದಿರುತ್ತಿದ್ದರು. ದೆವ್ವ ರಾತ್ರಿ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗೀತು, ಬರಹ ಓದಿದರೆ ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಸಾಲ ಕೊಟ್ಟವನಿಗೆ ಹೇಳುವ ಮಾತನ್ನೇ ದೆವ್ವಕ್ಕೂ ಹೇಳಿ ಕಳಿಸಿದ ಜನ ನಾವು. ಅಮೆರಿಕದ ಪಿಶಾಚಿಗೆ ಆಮಂತ್ರಣ ಬೇಕು, ನಮ್ಮ ದೆವ್ವಕ್ಕೆ ಅಕ್ಷರ ಬಂದಿರಬೇಕು.

ಇನ್ನೂ ಒಂದು ವ್ಯತ್ಯಾಸ ಇದೆ, ಅದು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ನಮ್ಮ ಸಿನಿಮಾ ದೆವ್ವಗಳಿಗೆ ಅಹವಾಲು ಇರುತ್ತದೆ. ಯಾರೋ ಮೋಸ ಮಾಡಿರುತ್ತಾರೆ, ಯಾರೋ ಕೊಂದಿರುತ್ತಾರೆ. ಇಂಟರ್ವಲ್ ಆದಮೇಲೆ ಒಂದು ಫ್ಲಾಶ್‌ಬ್ಯಾಕ್ ಬರುತ್ತದೆ, ನಮಗೆ ದೆವ್ವದ ಮೇಲೇ ಕನಿಕರ ಹುಟ್ಟುತ್ತದೆ. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಗೂ ಒಂದು ಕಥೆ ಇದೆ, ಅದನ್ನು ಬಿಡಿಸಿ ಹೇಳುವುದಕ್ಕೆ ವಿಷ್ಣುವರ್ಧನ್ ಇದ್ದಾರೆ, ಅದೂ ಮನೋವೈದ್ಯರಾಗಿ. ಈ ಸಿನಿಮಾದ ಹುಡುಗರಿಗೆ ಯಾವ ಅಹವಾಲೂ ಇಲ್ಲ. ಅವರಿಗೆ ಯಾರೂ ಅನ್ಯಾಯ ಮಾಡಿಲ್ಲ. ಅವರು ಮಜಾ ಮಾಡುತ್ತಿದ್ದಾರೆ. ಹಗಲು ಮಲಗು, ರಾತ್ರಿಯೆಲ್ಲ ಪಾರ್ಟಿ ಮಾಡು, ವಯಸ್ಸಾಗುವುದಿಲ್ಲ, ಸಾವಿಲ್ಲ. ಪೋಸ್ಟರ್ ಮೇಲೂ ಇದನ್ನೇ ಹಾಕಿದ್ದರು. ಹದಿನೆಂಟರ ಹುಡುಗನಿಗೆ ಇದರಲ್ಲಿ ಕೆಟ್ಟದ್ದು ಏನಿದೆ ಅಂತ ವಿವರಿಸುವುದು ಸುಲಭವಲ್ಲ.

ಅದಕ್ಕೇ ಬಾಟಲಿ ಕುಡಿಸುವ ದೃಶ್ಯ ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟ. ಗ್ಯಾಂಗಿನ ನಾಯಕ ಡೇವಿಡ್, ಹೊಸಬ ಮೈಕೆಲ್‌ಗೆ ಚೈನೀಸ್ ಊಟದ ಡಬ್ಬಿ ಕೊಡುತ್ತಾನೆ. ಅನ್ನ. ಮೈಕೆಲ್ ಎರಡು ತುತ್ತು ತಿಂದ ಮೇಲೆ, ಹುಳ ಹೇಗಿದೆ ಅಂತ ಕೇಳುತ್ತಾನೆ. ಬಗ್ಗಿ ನೋಡಿದರೆ ಡಬ್ಬಿ ತುಂಬಾ ಬಿಳಿ ಹುಳ ಮಿಜಿಗುಡುತ್ತಿವೆ. ಉಗುಳುತ್ತಾನೆ. ಮತ್ತೆ ನೋಡಿದರೆ ಅನ್ನವೇ. ಎಲ್ಲರೂ ನಗುತ್ತಾರೆ. (ಈ ಜಾಗ ಬರುವಾಗ ನಾನು ಮಂಡಕ್ಕಿ ತಿನ್ನುತ್ತಿದ್ದೆ. ದಾವಣಗೆರೆಯವರು ದಯವಿಟ್ಟು ಆ ತಪ್ಪು ಮಾಡಬೇಡಿ.) ಆಮೇಲೆ ನೂಡಲ್ಸ್. ಈ ಸಲ ಮೈಕೆಲ್‌ಗೆ ಅದು ಎರೆಹುಳದ ಹಾಗೆ ಕಾಣಿಸುತ್ತದೆ, ಬೇಡ ಬೇಡ ಅಂತಾನೆ, ಡೇವಿಡ್ ಬಾಯಿಗೆ ಹಾಕಿಕೊಂಡು ತೋರಿಸುತ್ತಾನೆ, ಬರೀ ನೂಡಲ್ಸು ಮಾರಾಯ ಅನ್ನುವ ಹಾಗೆ. ಮತ್ತೆ ನಗು. ಆಮೇಲೆ ಬರುತ್ತದೆ ಬಾಟಲಿ. ಕುಡಿ ಅನ್ನುತ್ತಾರೆ. ಆ ಹುಡುಗಿ ಸ್ಟಾರ್ ಪಕ್ಕದಲ್ಲಿ ನಿಂತು, ಬೇಡ, ಅದು ರಕ್ತ ಅಂತ ಪಿಸುಗುಟ್ಟುತ್ತಾಳೆ. ನಿಜ ಹೇಳಿದ್ದು ಇಡೀ ಗುಂಪಿನಲ್ಲಿ ಅವಳೊಬ್ಬಳೇ. ಆದರೆ ಎರಡು ಸಲ ಪೆದ್ದನಾದವನು ಮೂರನೇ ಸಲ ಪೆದ್ದನಾಗಲು ಒಪ್ಪುತ್ತಾನಾ? ನಕ್ಕು ಕುಡಿದುಬಿಡುತ್ತಾನೆ.

ಯಾರೂ ಅವನ ಕೈ ಹಿಡಿದು ಬಲವಂತ ಮಾಡಲಿಲ್ಲ ನೋಡಿ. ಮೊದಲು ಅವನ ಭಯವನ್ನೇ ತಮಾಷೆ ಮಾಡಿದರು. ಆಮೇಲೆ ಅವನಿಗೇ ತನ್ನ ಭಯದ ಮೇಲೆ ನಂಬಿಕೆ ಹೋಯಿತು. ಹಾಸ್ಟೆಲಿನಲ್ಲಿ, ರೂಮುಗಳಲ್ಲಿ, ಹೆದ್ದಾರಿ ಪಕ್ಕದ ಢಾಬಾಗಳಲ್ಲಿ ಮೊದಲ ಗುಟುಕು ಗಂಟಲಿಗಿಳಿಯುವುದು ಹೀಗೇ. ಏನೋ, ಹೆದರ್ತೀಯೇನಲೇ ಅಂತ ಒಬ್ಬ ಅಂದರೆ ಸಾಕು.

ಅದಾದಮೇಲೆ ಅವರು ಮೈಕೆಲ್‌ನನ್ನು ರೈಲ್ವೆ ಸೇತುವೆಗೆ ಕರೆದೊಯ್ಯುತ್ತಾರೆ. ಹಳಿಯ ಕೆಳಗಿನ ಕಂಬಿಗೆ ನೇತಾಡುತ್ತಾರೆ. ಮೇಲೆ ರೈಲು. ಕೆಳಗೆ ಮಂಜು, ಆಳ ಎಷ್ಟು ಅಂತ ಕಾಣುವುದಿಲ್ಲ. ಒಬ್ಬೊಬ್ಬರಾಗಿ ನಗುತ್ತಾ ಕೈ ಬಿಡುತ್ತಾರೆ. ಕೊನೆಗೆ ಮೈಕೆಲ್ ಒಬ್ಬನೇ ಉಳಿಯುತ್ತಾನೆ, ಕೈ ಸೋಲುತ್ತದೆ, ಬೀಳುತ್ತಾನೆ. ಎಚ್ಚರವಾದಾಗ ತನ್ನ ಹಾಸಿಗೆಯಲ್ಲಿ, ಮಧ್ಯಾಹ್ನ. ಬಿದ್ದನೋ ಹಾರಿದನೋ ಅವನಿಗೇ ಗೊತ್ತಿಲ್ಲ. ಈ ದೃಶ್ಯದಲ್ಲಿ ರಕ್ತ ಒಂದು ಹನಿ ಇಲ್ಲ, ಕೋರೆಹಲ್ಲು ಇಲ್ಲ.

ಈ ಗ್ಯಾಂಗು ವಾಸ ಮಾಡುವ ಜಾಗವೂ ಚೆನ್ನಾಗಿದೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ಬಿರುಕಿನೊಳಗೆ ಇಳಿದುಹೋದ ಒಂದು ಭರ್ಜರಿ ಹೋಟೆಲ್ ಅಂತೆ, ಈಗ ಅದು ಕಡಲಂಚಿನ ಗುಹೆ. ಒಳಗೆ ಕಾರಂಜಿ, ಹಳೆಯ ಸೋಫಾ, ಗೋಡೆಗೆ ಹಾಡುಗಾರ ಜಿಮ್ ಮಾರಿಸನ್‌ನ ದೊಡ್ಡ ಪೋಸ್ಟರ್. ಹೋಟೆಲು ಕಟ್ಟುಕಥೆ, ಭೂಕಂಪ ನಿಜ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ನೆಲದಡಿಯ ಗುಹೆಗೆ ಇಳಿದವರಿಗೆ ಇದರ ರುಚಿ ಸ್ವಲ್ಪ ಗೊತ್ತಿರುತ್ತದೆ. ಗೈಡ್ ಟಾರ್ಚ್ ಹಿಡಿದು ಒಂದೊಂದೇ ಕೋಣೆ ತೋರಿಸುತ್ತಾ ಹೋಗುತ್ತಾನೆ, ಆಮೇಲೆ ಸುಮ್ನೆ ಹೆದರಿಸೋಕೆ ಅಂತ ಟಾರ್ಚ್ ಆರಿಸುತ್ತಾನೆ. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ ಅನ್ನುವಂಥ ಕತ್ತಲು. ಅಲ್ಲಿ ನಮ್ಮ ಜೊತೆಗಿದ್ದ ಕಾಲೇಜು ಹುಡುಗರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಕೂಗಿದರು, ನಕ್ಕರು, ಒಬ್ಬ ಇನ್ನೊಬ್ಬನ ಕತ್ತು ಹಿಡಿದ. ಕತ್ತಲು ಸಿಕ್ಕರೆ ಆ ವಯಸ್ಸಿನವರಿಗೆ ಮೊದಲು ಬರುವುದು ಖುಷಿ. ಸಿನಿಮಾ ಮಾಡಿದವರಿಗೆ ಇದು ಗೊತ್ತಿತ್ತು.

ಮೊದಲು ಬರೆದ ಚಿತ್ರಕಥೆ ಬೇರೆಯೇ ಇತ್ತು. ಜಾನಿಸ್ ಫಿಷರ್ ಮತ್ತು ಜೇಮ್ಸ್ ಜೆರೆಮಾಯಸ್ ಬರೆದಿದ್ದು ಚಿಕ್ಕ ಮಕ್ಕಳ ಕಥೆ. ಜೆ.ಎಂ. ಬ್ಯಾರಿ ಬರೆದ ಮಕ್ಕಳ ಕಥೆ ‘ಪೀಟರ್ ಪ್ಯಾನ್’ನಲ್ಲಿ ಬೆಳೆಯದೇ ಉಳಿದ, ತಾಯಿಯಿಲ್ಲದ ಗಂಡು ಮಕ್ಕಳ ಗುಂಪು ಬರುತ್ತದಲ್ಲ, ಅವರು ಬೆಳೆಯದೇ ಇರುವುದಕ್ಕೆ ಕಾರಣ ಅವರು ಪಿಶಾಚಿಗಳು ಅನ್ನುವ ಎಳೆ. ಸಿನಿಮಾದ ಹೆಸರೂ ಅಲ್ಲಿಯದೇ. ರಿಚರ್ಡ್ ಡಾನರ್ ನಿರ್ದೇಶಿಸಬೇಕಿತ್ತು. ಅವರು ‘ಲೀಥಲ್ ವೆಪನ್’ ಕಡೆ ಹೋದರು, ಜೋಯೆಲ್ ಶೂಮಾಕರ್ ಬಂದರು. ಚಿಕ್ಕ ಮಕ್ಕಳು ಬೇಡ, ಹದಿಹರೆಯದವರೇ ಆಗಬೇಕು ಅಂತ ಹಟ ಹಿಡಿದಿದ್ದು ಶೂಮಾಕರ್. ಜೆಫ್ರಿ ಬೋಮ್ ಮತ್ತೆ ಬರೆದರು. ಶೂಮಾಕರ್ ಮೊದಲು ಸಿನಿಮಾಗಳಿಗೆ ಬಟ್ಟೆ ವಿನ್ಯಾಸ ಮಾಡುತ್ತಿದ್ದವರು, ಅದು ಇಲ್ಲಿ ಒಂದೊಂದು ಜಾಕೆಟ್ಟಿನಲ್ಲೂ ಕಾಣುತ್ತದೆ. ಡೇವಿಡ್ ಪಾತ್ರದ ಕೀಫರ್ ಸದರ್ಲ್ಯಾಂಡ್‌ಗೆ ಚಿತ್ರೀಕರಣದ ಹೊತ್ತಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಜಾಸ್ತಿ ಮಾತಿಲ್ಲದ ಪಾತ್ರ. ಸುಮ್ನೆ ನೋಡುತ್ತಾನೆ, ಸಣ್ಣಗೆ ನಗುತ್ತಾನೆ, ಅಷ್ಟರಲ್ಲೇ ಉಳಿದವರೆಲ್ಲ ಮಂಕಾಗುತ್ತಾರೆ.

ಕ್ಯಾಮೆರಾ ಮೈಕೆಲ್ ಚಾಪ್‌ಮನ್ ಅವರದು, ‘ಟ್ಯಾಕ್ಸಿ ಡ್ರೈವರ್’ ಮತ್ತು ‘ರೇಜಿಂಗ್ ಬುಲ್’ ತೆಗೆದವರು. ಮೊದಲ ಅರ್ಧದಲ್ಲಿ ಪಿಶಾಚಿಯನ್ನು ತೋರಿಸುವುದೇ ಇಲ್ಲ. ಕ್ಯಾಮೆರಾ ಕಡಲಿನ ಮೇಲಿಂದ ಹಾರಿ ಬರುತ್ತದೆ, ಕೆಳಗೆ ಒಬ್ಬ ಕಾವಲುಗಾರ ತನ್ನ ಕಾರಿನ ಹತ್ತಿರ ಓಡುತ್ತಿದ್ದಾನೆ, ಬಾಗಿಲಿನ ಹಿಡಿ ಹಿಡಿಯುತ್ತಾನೆ, ಮರುಕ್ಷಣ ಬಾಗಿಲ ಸಮೇತ ಮೇಲಕ್ಕೆ. ಅಷ್ಟೇ. ಹಾರುವುದು ನಮ್ಮ ಕಣ್ಣೇ ಆದ್ದರಿಂದ ಬೇಟೆಯಾಡುವವರ ಕಡೆಗೆ ನಾವೇ ಸೇರಿಬಿಟ್ಟಿರುತ್ತೇವೆ.

ಊರಿನ ವಿಷಯ ಹೇಳಬೇಕು. ಸಿನಿಮಾದಲ್ಲಿ ಊರಿನ ಹೆಸರು ಸಾಂಟಾ ಕಾರ್ಲಾ, ಹಾಗಂತ ಯಾವ ಊರೂ ಇಲ್ಲ. ಚಿತ್ರೀಕರಿಸಿದ್ದು ಸಾಂಟಾ ಕ್ರೂಜ್‌ನಲ್ಲಿ. ಅಲ್ಲಿನ ಕಡಲತೀರದ ಬೋರ್ಡ್‌ವಾಕ್ 1907ರಿಂದ ಇದೆ, ಮರದ ರೋಲರ್ ಕೋಸ್ಟರ್ 1924ರದ್ದು, ಇವತ್ತಿಗೂ ಓಡುತ್ತದೆ. ಆರಂಭದಲ್ಲಿ ಊರಿನ ಸ್ವಾಗತ ಫಲಕ ದಾಟಿದ ಮೇಲೆ ಅದರ ಹಿಂಬದಿಯಲ್ಲಿ ಯಾರೋ ಬಣ್ಣದಲ್ಲಿ ಗೀಚಿದ್ದು ಕಾಣುತ್ತದೆ, ಇದು ಜಗತ್ತಿನ ಕೊಲೆಗಳ ರಾಜಧಾನಿ ಅಂತ. ಇದು ಬರೀ ಜೋಕಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಸಾಂಟಾ ಕ್ರೂಜ್ ಸುತ್ತಮುತ್ತ ನಿಜವಾಗಿಯೂ ಸರಣಿ ಕೊಲೆಗಳಾಗಿ ಆ ಊರಿಗೆ ಅಂಥ ಕೆಟ್ಟ ಹೆಸರು ಅಂಟಿತ್ತು. ನಗುವ ಮಾತಿನ ಅಡಿಯಲ್ಲಿ ನಿಜವಾದ ಹೆಣಗಳಿವೆ. ಇನ್ನೊಂದು ವಿಚಿತ್ರ: ಸಿನಿಮಾ ಬಂದು ಎರಡು ವರ್ಷಕ್ಕೆ, 1989ರ ಅಕ್ಟೋಬರ್ 17ರಂದು, ಆ ಊರಿನ ಹತ್ತಿರವೇ ದೊಡ್ಡ ಭೂಕಂಪವಾಯಿತು. ಪೇಟೆ ಬೀದಿ ನೆಲಕ್ಕುರುಳಿತು. ಸ್ಯಾಮ್ ಕಾಲಿಟ್ಟ ಆ ಕಾಮಿಕ್ಸ್ ಅಂಗಡಿ ನಿಜವಾದ ಅಂಗಡಿಯೇ, ಅದಿದ್ದ ಕಟ್ಟಡವೂ ಹಾಳಾಯಿತು.

ಅಮ್ಮನ ಪಾತ್ರದ ಡಯಾನ್ ವೀಸ್ಟ್ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ, ಅದು ನನಗೆ ಬೇಜಾರು. ಸಿನಿಮಾ ಬಿಡುಗಡೆಯಾಗುವ ಕೆಲವೇ ತಿಂಗಳು ಮೊದಲು ‘ಹನಾ ಅಂಡ್ ಹರ್ ಸಿಸ್ಟರ್ಸ್’ಗಾಗಿ ಆಸ್ಕರ್ ಗೆದ್ದಿದ್ದ ನಟಿ. ಪಿಶಾಚಿ ಸಿನಿಮಾ ತಾನೇ ಅಂತ ಉಡಾಫೆ ಮಾಡಿಲ್ಲ. ಚಿಕ್ಕ ಮಗ ಫೋನ್ ಮಾಡಿ ಅಣ್ಣ ಪಿಶಾಚಿ ಆಗಿದ್ದಾನೆ ಅಂತ ಅತ್ತರೆ ಅವಳು ನಂಬುವುದಿಲ್ಲ, ಆದರೆ ಎದುರಿಗೆ ಕೂತ ಮ್ಯಾಕ್ಸ್‌ನನ್ನೂ ತಟ್ಟೆಯನ್ನೂ ಬಿಟ್ಟು ಮನೆಗೆ ಓಡುತ್ತಾಳೆ. ಮಗ ಹೇಳಿದ್ದು ನಿಜವಲ್ಲದೇ ಇರಬಹುದು, ಅಳುತ್ತಿರುವುದು ನಿಜ. ಯಾವ ತಾಯಿಯಾದರೂ ಮಾಡುವುದು ಅದನ್ನೇ ಅಲ್ವಾ? ತಮ್ಮನ ಕಥೆಯೂ ಹಾಗೇ. ಕನ್ನಡಿಯಲ್ಲಿ ಅಣ್ಣನ ಬಿಂಬ ಮಸುಕು ಮಸುಕಾಗಿ ಕಂಡಾಗ ಸ್ಯಾಮ್ ಹೆದರಿ ಸಾಯುತ್ತಾನೆ, ಸಾಯುತ್ತಲೇ ಹೇಳುವುದು, ತಾಳು, ಅಮ್ಮನಿಗೆ ಹೇಳ್ತೀನಿ ಅಂತ. ಒಂದೇ ಮನೆಯಲ್ಲಿ ಎರಡು ಗಂಡು ಮಕ್ಕಳನ್ನು ಸಾಕಿದವರು ಈ ಜಾಗದಲ್ಲಿ ನಗದೇ ಇರಲಾರರು. ಆ ಮಾತಿನಲ್ಲಿ ಅಣ್ಣ ಪಿಶಾಚಿಯಾದರೂ ಅಣ್ಣನೇ ಆಗಿ ಉಳಿದಿದ್ದಾನೆ.

ಎಲ್ಲ ಸರಿ ಇದೆ ಅಂತೇನೂ ಇಲ್ಲ. ಸ್ಟಾರ್ ಪಾತ್ರ ತೀರಾ ತೆಳು, ಗಾಳಿಗೆ ಕೂದಲು ಹಾರಿಸಿಕೊಂಡು ನಿಲ್ಲುವುದೇ ಅವಳ ಕೆಲಸ. ಬಾಟಲಿ ವಿಷಯದಲ್ಲಿ ನಿಜ ಹೇಳಿದ ಹುಡುಗಿಗೆ ಇನ್ನೂ ನಾಲ್ಕು ಮಾತು ಕೊಡಬಹುದಿತ್ತು. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಸ್ಯಾಕ್ಸೊಫೋನ್ ಊದುವ ದಪ್ಪ ತೋಳಿನವನೊಬ್ಬ ಬರುತ್ತಾನೆ, ಯಾಕೆ ಅಂತ ಕೇಳಬೇಡಿ, ಎಂಬತ್ತರ ದಶಕ ಅಂದರೆ ಹಾಗೇ. ಕೊನೆಯ ಹೊಡೆದಾಟ ಮಾತ್ರ ಪೂರ್ತಿ ಮನೆಸಾಮಾನಿನಲ್ಲೇ ನಡೆಯುತ್ತದೆ, ಅದು ನನಗೆ ಖುಷಿ. ಸ್ನಾನದ ತೊಟ್ಟಿ ತುಂಬಾ ತೀರ್ಥ ಮತ್ತು ಬೆಳ್ಳುಳ್ಳಿ. ಬೆಳ್ಳುಳ್ಳಿಯಿಂದ ನಮಗೇನೂ ಆಗಲ್ಲ ಅಂತ ಒಬ್ಬ ಪಿಶಾಚಿ ಕೊಚ್ಚಿಕೊಳ್ಳುವಷ್ಟರಲ್ಲಿ ಸ್ಯಾಮ್‌ನ ನಾಯಿ ಹಾರಿ ಅವನನ್ನು ತೊಟ್ಟಿಗೆ ಬೀಳಿಸುತ್ತದೆ. ತೀರ್ಥ ಕೆಲಸ ಮಾಡುತ್ತದೆ. ಆಮೇಲೆ ಮನೆಯ ನಲ್ಲಿ, ಸಿಂಕು, ಕಕ್ಕಸು ಎಲ್ಲದರಿಂದ ರಕ್ತ ಉಕ್ಕುತ್ತದೆ. ಅದನ್ನೆಲ್ಲ ತೊಳೆಯುವವರು ಯಾರು ಅಂತ ನಾನು ಯೋಚಿಸುತ್ತಿದ್ದೆ.

ಮ್ಯಾಕ್ಸ್‌ಗೆ ಬೇಕಾಗಿದ್ದು ಏನು ಅಂತ ಗೊತ್ತಾದಾಗ ನನ್ನ ನಗು ನಿಂತಿತು. ಅವನಿಗೆ ರಕ್ತ ಬೇಕಾಗಿರಲಿಲ್ಲ, ಅದು ಊರಲ್ಲಿ ಬೇಕಾದಷ್ಟು ಸಿಗುತ್ತದೆ. ಅವನ ಹುಡುಗರಿಗೆ, ಅಂದರೆ ಡೇವಿಡ್ ಗ್ಯಾಂಗಿಗೆ, ಒಬ್ಬ ಅಮ್ಮ ಬೇಕಿತ್ತು. ಹುಡುಗರು ಕೈ ಮೀರಿ ಹೋಗುತ್ತಿದ್ದಾರೆ, ತಾಯಿ ಇದ್ದರೆ ಹದ್ದುಬಸ್ತಿಗೆ ಬರುತ್ತಾರೆ ಅನ್ನುವುದು ಅವನ ಲೆಕ್ಕ. ಅದಕ್ಕೇ ಲೂಸಿಗೆ ಕೆಲಸ, ಅದಕ್ಕೇ ಊಟ, ಅದಕ್ಕೇ ಮೊದಲು ಅವಳ ಮಕ್ಕಳನ್ನು ಸೆಳೆದಿದ್ದು. ನಮ್ಮಲ್ಲೂ ಮದುವೆ ಮಾಡಿಸುವಾಗ ಹೇಳುವ ಮಾತೇ ಇದು. ಹುಡುಗ ಸ್ವಲ್ಪ ದಾರಿ ತಪ್ಪಿದ್ದಾನೆ, ಒಬ್ಬಳು ಬಂದರೆ ಸರಿ ಹೋಗುತ್ತಾನೆ. ಆ ಬಂದವಳ ರಕ್ತದ ವಿಷಯ ಯಾರೂ ಮಾತಾಡುವುದಿಲ್ಲ.

ಆಮೇಲೆ ಬಂದ ಎರಡು ಮುಂದುವರಿಕೆಗಳ ಸುದ್ದಿ ಬೇಡ, 2008ರದ್ದು ಒಂದು, 2010ರದ್ದು ಒಂದು, ಎರಡರಲ್ಲೂ ಮನೆ ಇಲ್ಲ, ಅಮ್ಮ ಇಲ್ಲ.

ಇನ್ನು ಅಜ್ಜ. ಲೂಸಿಯ ಅಪ್ಪ ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ಬೊಂಬೆ ಮಾಡುವ ತಿಕ್ಕಲ ಮುದುಕ. ಮನೆಯಲ್ಲಿ ಟಿವಿ ಇಲ್ಲ, ಆದರೆ ಟಿವಿಯಲ್ಲಿ ಏನು ಬರುತ್ತದೆ ಅಂತ ತಿಳಿಸುವ ಪುಸ್ತಕ ತರಿಸಿ ಓದುತ್ತಾನೆ. ಫ್ರಿಜ್ಜಿನಲ್ಲಿ ಒಂದು ಅರೆ ಅವನದು, ಅಲ್ಲಿನ ಬಾಟಲಿ ಯಾರೂ ಮುಟ್ಟುವ ಹಾಗಿಲ್ಲ. ಇಡೀ ಸಿನಿಮಾ ಅವನನ್ನು ನಾವು ತಮಾಷೆಗೆ ಇಟ್ಟಿದ್ದಾರೆ ಅಂತಲೇ ನೋಡುತ್ತೇವೆ. ಕಡೆಯಲ್ಲಿ ಜೀಪಿನ ತುಂಬಾ ಚೂಪು ಮಾಡಿದ ಬೇಲಿ ಗೂಟಗಳನ್ನು ಹೇರಿಕೊಂಡು ಗೋಡೆ ಒಡೆದು ನುಗ್ಗುವವನು ಅವನೇ. ಮ್ಯಾಕ್ಸ್ ಸತ್ತ ಮೇಲೆ ಯಾರ ಮುಖವನ್ನೂ ನೋಡದೆ ನೇರ ಫ್ರಿಜ್ಜಿಗೆ ಹೋಗಿ ತನ್ನ ಬಾಟಲಿ ತೆಗೆದು ಒಂದು ಗುಟುಕು ಕುಡಿದು, ಈ ಊರಲ್ಲಿ ತನಗೆ ಸಹಿಸೋಕೆ ಆಗದ ಒಂದೇ ವಿಷಯ ಅಂದರೆ ಈ ಹಾಳಾದ ಪಿಶಾಚಿಗಳು ಅಂತಾನೆ. ಅಂದರೆ ಅವನಿಗೆ ಮೊದಲಿಂದಲೂ ಗೊತ್ತಿತ್ತು!

ಗೊತ್ತಿದ್ದೂ ಮಗಳಿಗೆ, ಮೊಮ್ಮಕ್ಕಳಿಗೆ ಯಾಕೆ ಹೇಳಲಿಲ್ಲ? ಮೇಲಿನ ರೂಮಿನ ಹುಡುಗನೊಬ್ಬ ಇದನ್ನು ಚಿತ್ರಕಥೆಯ ತಪ್ಪು ಅಂತ ವಾದಿಸಿದ. ನನಗೆ ಹಾಗನ್ನಿಸಲಿಲ್ಲ. ನಮ್ಮ ಬೀದಿಯಲ್ಲೂ ಹಳಬರಿಗೆ ಎಲ್ಲ ಗೊತ್ತಿರುತ್ತದೆ. ಯಾವ ಅಂಗಡಿಯ ಹಿಂಬಾಗಿಲಲ್ಲಿ ರಾತ್ರಿ ಏನು ಮಾರುತ್ತಾರೆ, ಯಾವ ಮನೆಯ ಹುಡುಗ ಯಾರ ಜೊತೆ ಓಡಾಡುತ್ತಾನೆ, ಬಡ್ಡಿಗೆ ಕೊಡುವ ಯಾವ ಸಂಭಾವಿತ ನಿಜಕ್ಕೂ ಎಂಥವನು. ಕೇಳಿದರೆ ಎಲೆಅಡಿಕೆ ಹಾಕಿಕೊಂಡು ಮಳೆ ಮಾತಾಡುತ್ತಾರೆ. ಎಲ್ಲ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು, ‘ನಂಗೆ ಆವಾಗ್ಲೇ ಗೊತ್ತಿತ್ತಲೇ’ ಅಂತಾರೆ. ಈ ಅಜ್ಜ ಕಡೆಗಾದರೂ ಗೂಟ ಕೆತ್ತಿಕೊಂಡು ಬಂದನಲ್ಲ ಅಂತ ಅವನ ಮೇಲೆ ನನಗೆ ಸ್ವಲ್ಪ ಗೌರವವಿದೆ. ಮೊದಲನೇ ದಿನವೇ ಹೇಳಿಬಿಟ್ಟಿದ್ದರೆ 97 ನಿಮಿಷದ ಸಿನಿಮಾ ಹತ್ತು ನಿಮಿಷಕ್ಕೆ ಮುಗಿದು ಲೂಸಿ ಮಕ್ಕಳನ್ನು ಕಟ್ಟಿಕೊಂಡು ವಾಪಸ್ ಫೀನಿಕ್ಸ್ ಬಸ್ಸು ಹತ್ತುತ್ತಿದ್ದಳು, ಅದು ಬೇರೆ ಮಾತು.